ದೊಡ್ಡ ಬೈಕಿನ ಲೆಕ್ಕ: 350ರಿಂದ 650ರವರೆಗೆ, ದೇವಿಮನೆ ಘಟ್ಟದ ದಾರಿಯಲ್ಲಿ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ‘ದೊಡ್ಡ ಗಾಡಿ’ ಅಂದರೆ ಬಹಳ ಕಾಲ ಬುಲೆಟ್ಟೇ. 346 ಸಿಸಿ, ಒಂದೇ ಸಿಲಿಂಡರ್, 18 ಅಶ್ವಶಕ್ತಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಆಮೇಲೆ ಯೆಜ್ಡಿ. ಈಗ ದೇವಿಮನೆ ಘಟ್ಟ ಹಾಯುವ ಅಲ್ಲಿನ ಕುಮಟಾ–ಶಿರಸಿ ರಸ್ತೆಯಲ್ಲಿ ಇಂಟರ್‌ಸೆಪ್ಟರ್ 650, ಟ್ರಯಂಫ್ ಸ್ಪೀಡ್ 400, ಬಿಎಸ್‌ಎ ಗೋಲ್ಡ್ ಸ್ಟಾರ್, ಹೋಂಡಾ ಹೈನೆಸ್ 350 ಓಡುವ ಕಾಲ. ಎಲ್ಲದರ ಮೈಕಟ್ಟು ಹೆಚ್ಚುಕಡಿಮೆ ಒಂದೇ: ದುಂಡು ಹೆಡ್‌ಲೈಟು, ಬೆನ್ನು ನೆಟ್ಟಗಿಟ್ಟು ಕೂರುವ ಸೀಟು, ಎಂಜಿನ್ ಬಯಲಿಗೆ, ಎದೆಗೆ ಬಡಿಯುವ ಗಾಳಿಗೆ ಅಡ್ಡವೇನೂ ಇಲ್ಲ. ಆದರೆ ಶೋರೂಮಿನ ಚೀಟಿಯಲ್ಲಿ ಬರೆದ ಅಂಕಿ ನೋಡಿ ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ತೀರ್ಮಾನಿಸಹೊರಟರೆ ಲೆಕ್ಕ ತಪ್ಪುತ್ತದೆ.

ಹಳೆಯ ಒಂದು ಅಂಕಿಯನ್ನೇ ನೋಡಿ. 1959ರಲ್ಲಿ ಬ್ರಿಟನ್ನಿನ ಟ್ರಯಂಫ್ ಕಂಪನಿ ತಂದ ಬೋನವಿಲ್ ಟಿ120ಕ್ಕೆ 649 ಸಿಸಿ, ಎರಡು ಸಿಲಿಂಡರ್, 46 ಅಶ್ವಶಕ್ತಿ. ಸುಮಾರು 60 ವರ್ಷದ ನಂತರ, 2018ರ ನವೆಂಬರಿನಲ್ಲಿ, ಚೆನ್ನೈನ ರಾಯಲ್ ಎನ್‌ಫೀಲ್ಡ್ ಎರಡೂವರೆ ಲಕ್ಷ ರೂಪಾಯಿಗೆ ಮಾರಾಟಕ್ಕಿಟ್ಟ ಇಂಟರ್‌ಸೆಪ್ಟರಿಗೆ 648 ಸಿಸಿ, ಎರಡು ಸಿಲಿಂಡರ್, 47 ಅಶ್ವಶಕ್ತಿ. ಅರವತ್ತು ವರ್ಷಕ್ಕೆ ಒಂದೇ ಕುದುರೆ ಹೆಚ್ಚಾಯಿತೇ ಎಂದು ನಗಬಹುದು. ಬದಲಾದದ್ದು ಬೇರೆ ಕಡೆ. ಆಗಿನ ಬ್ರಿಟಿಷ್ ಎಂಜಿನ್‌ಗಳಲ್ಲಿ ಎರಡೂ ಪಿಸ್ಟನ್ ಒಟ್ಟಿಗೇ ಮೇಲೇರಿ ಒಟ್ಟಿಗೇ ಕೆಳಗಿಳಿಯುತ್ತಿದ್ದವು. ವೇಗ ಹೆಚ್ಚಿದಂತೆ ಹ್ಯಾಂಡಲ್ಲು, ಕಾಲಿಡುವ ಪೆಗ್ಗು ಎಲ್ಲ ಜುಮ್ಮೆನ್ನುತ್ತಿದ್ದವು, ಆಯಿಲ್ ಸೋರುತ್ತಿತ್ತು. ಹೊಸ ಎಂಜಿನ್ನಿನ ಕ್ರ್ಯಾಂಕು, ಅಂದರೆ ಪಿಸ್ಟನ್ನಿನ ಏರಿಳಿತವನ್ನು ಸುತ್ತಾಟವಾಗಿಸುವ ದಂಡ, 270 ಡಿಗ್ರಿಯದು. ಒಂದು ಪಿಸ್ಟನ್ ತುದಿಯಲ್ಲಿದ್ದಾಗ ಇನ್ನೊಂದು ನಡುದಾರಿಯಲ್ಲಿರುತ್ತದೆ. ಜತೆಗೆ ನಡುಕ ತಗ್ಗಿಸುವ ಬ್ಯಾಲೆನ್ಸರ್, ಫ್ಯೂಯೆಲ್ ಇಂಜೆಕ್ಷನ್, ಡಿಸ್ಕ್ ಬ್ರೇಕು, ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್. ಅಷ್ಟೇ ಶಕ್ತಿಯನ್ನು ಈಗ ದಿನವಿಡೀ ಬಳಸಬಹುದು.

ಬೇರೆ ದೇಶಗಳಲ್ಲಿ ಈ ಕಥೆ 1969ರಲ್ಲೇ ತಿರುಗಿತ್ತು. ಹೋಂಡಾ ಸಿಬಿ750 ಬಂತು: ನಾಲ್ಕು ಸಿಲಿಂಡರ್, 67 ಅಶ್ವಶಕ್ತಿ, ಬಟನ್ ಒತ್ತಿದರೆ ಸ್ಟಾರ್ಟು, ಮುಂದಿನ ಚಕ್ರಕ್ಕೆ ಡಿಸ್ಕ್. ಬ್ರಿಟಿಷ್ ಕಂಪನಿಗಳು ಆ ಹೊಡೆತದಿಂದ ಸುಧಾರಿಸಿಕೊಳ್ಳಲೇ ಇಲ್ಲ. ನಮಗೆ ಆ ಬಿಸಿ ತಟ್ಟಲಿಲ್ಲ, ಯಾಕೆಂದರೆ ಆಮದಿಗೆ ಬಾಗಿಲೇ ಮುಚ್ಚಿತ್ತು. ಮದರಾಸಿನಲ್ಲಿ 1955ರಲ್ಲಿ ಶುರುವಾದ ಬುಲೆಟ್ಟೇ ದಶಕಗಳ ಕಾಲ ಇಲ್ಲಿನ ತುತ್ತತುದಿ. ನಡುವೆ 1983ರಲ್ಲಿ ರಾಜದೂತ್ 350 ಎಂಬ ಹೆಸರಲ್ಲಿ ಯಮಹಾದ ಆರ್‌ಡಿ350 ಬಂದು, 30 ಅಶ್ವಶಕ್ತಿಯ ರುಚಿ ತೋರಿಸಿ, ಪೆಟ್ರೋಲ್ ಕುಡಿಯುವ ಅಪಕೀರ್ತಿ ಹೊತ್ತು ಮರೆಯಾಯಿತು. 2007ರಲ್ಲಿ ಅಮೆರಿಕಕ್ಕೆ ನಮ್ಮ ಮಾವು, ನಮಗೆ ಅವರ ಹಾರ್ಲೆ ಎಂಬ ಒಪ್ಪಂದದಲ್ಲಿ 800 ಸಿಸಿ ದಾಟಿದ ಬೈಕುಗಳಿಗೆ ದಾರಿ ಸಡಿಲವಾಯಿತು. ಅದು ಸಿರಿವಂತರ ಮಾತು. ಸಂಬಳದವನ, ಅಡಿಕೆ ಮಾರಿದ ದುಡ್ಡು ಎಣಿಸುವವನ ಕೈಗೆಟುಕುವ ಎರಡು ಸಿಲಿಂಡರಿನ ಗಾಡಿಗೆ 2018ರವರೆಗೆ ಕಾಯಬೇಕಾಯಿತು.

ಈಗ ಹೋಲಿಕೆ. ಸ್ಪೀಡ್ 400 ಬಂದದ್ದು 2023ರಲ್ಲಿ: 398 ಸಿಸಿ, 40 ಅಶ್ವಶಕ್ತಿ, 176 ಕಿಲೋ. ಇಂಟರ್‌ಸೆಪ್ಟರ್ 217 ಕಿಲೋ. ತೂಕದ ಪ್ರತಿ ಟನ್ನಿಗೆ ಲೆಕ್ಕ ಹಾಕಿದರೆ 400ಕ್ಕೆ ಸುಮಾರು 227 ಅಶ್ವಶಕ್ತಿ, 650ಕ್ಕೆ 217ರ ಆಸುಪಾಸು. ಅಂದರೆ ಸಣ್ಣದೇ ಒಂದು ಕೈ ಮೇಲೆ! ಹೈನೆಸ್ 21 ಅಶ್ವಶಕ್ತಿಯದು, 181 ಕಿಲೋ; ಆ ಲೆಕ್ಕದಲ್ಲಿ ಇವೆರಡರ ಅರ್ಧ. ಕವಾಸಾಕಿ ಝಡ್650ಆರ್‌ಎಸ್ 68 ಅಶ್ವಶಕ್ತಿಯೊಂದಿಗೆ ಎಲ್ಲರನ್ನೂ ಹಿಂದಿಕ್ಕುತ್ತದೆ, ಬೆಲೆಯಲ್ಲೂ. ಅದನ್ನು ಇಲ್ಲಿಗೇ ಬಿಡೋಣ.

ದೇವಿಮನೆ ಘಟ್ಟದಲ್ಲಿ ಅಶ್ವಶಕ್ತಿಗಿಂತ ಹೆಚ್ಚು ಕೇಳಬೇಕಾದ್ದು, ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ನಿಮಿಷಕ್ಕೆ ಎಷ್ಟು ಸುತ್ತಿಗೆ, ಅಂದರೆ ಎಷ್ಟು ಆರ್‌ಪಿಎಮ್ಮಿಗೆ ಸಿಗುತ್ತದೆ ಎಂಬುದು. ನಮ್ಮವರು ‘ಪುಲ್ಲಿಂಗ್’ ಅನ್ನುವುದು ಅದನ್ನೇ. ತಿರುವಿನಲ್ಲಿ ಮುಂದೊಂದು ಲಾರಿ, ಹಿಂದೆ ಸೀಟಿನ ಮೇಲೆ ಹೆಂಡತಿ, ಪಕ್ಕಕ್ಕೆ ಕಟ್ಟಿದ ಬ್ಯಾಗು. ವೇಗ ಇಪ್ಪತ್ತಕ್ಕಿಳಿದಿದೆ. ಸ್ಪೀಡ್ 400ರ 37.5 ನ್ಯೂಟನ್ ಮೀಟರ್ ಪೂರ್ತಿ ಸಿಗುವುದು 6500 ಆರ್‌ಪಿಎಮ್ಮಿಗೆ. ಹಾಗಾಗಿ ಗಿಯರ್ ಇಳಿಸಿ ಎಂಜಿನ್ ಕೂಗಿಸಬೇಕು. ಇಂಟರ್‌ಸೆಪ್ಟರಿನ 52 ನ್ಯೂಟನ್ ಮೀಟರಿನಲ್ಲಿ ನೂರಕ್ಕೆ ಎಂಬತ್ತು ಭಾಗ 2500ಕ್ಕೇ ಸಿಗುತ್ತದೆ ಎಂಬುದು ಕಂಪನಿಯ ಮಾತು. ಗೋಲ್ಡ್ ಸ್ಟಾರ್ ಇನ್ನೂ ಮೊಂಡು: 652 ಸಿಸಿಯ ಒಂದೇ ಸಿಲಿಂಡರಿನಿಂದ 55 ನ್ಯೂಟನ್ ಮೀಟರ್, ಅದೂ 4000ಕ್ಕೆ. ಇವೆರಡೂ ಅದೇ ಗಿಯರಿನಲ್ಲಿ ಎಳೆದುಕೊಂಡು ಹೋಗುತ್ತವೆ. ಹೈನೆಸ್ ಕೂಡ ತನ್ನ 30 ನ್ಯೂಟನ್ ಮೀಟರನ್ನು 3000ಕ್ಕೇ ಕೊಡುವುದರಿಂದ ಘಟ್ಟದಲ್ಲಿ ಅದರ ಮಾನ ಹೋಗುವುದಿಲ್ಲ. ಆದರೆ ಇಳಿಯುವಾಗ, ಅದೂ ಮಳೆಗಾಲದಲ್ಲಿ, ಹೊಂಡ ತಪ್ಪಿಸಿ ಗಾಡಿ ಹೊರಳಿಸಬೇಕಾದಾಗ 217 ಕಿಲೋ ಏನೆಂಬುದು ತೋಳಿಗೆ ಗೊತ್ತಾಗುತ್ತದೆ. ಅಲ್ಲಿ ನನ್ನ ಮತ 400ಕ್ಕೆ.

ಘಟ್ಟ ಇಳಿದು ಕರಾವಳಿಯ ಚತುಷ್ಪಥ ಹಿಡಿದರೆ ಆಟವೇ ಬೇರೆ. ಕಾರವಾರದಿಂದ ಭಟ್ಕಳದ ಕಡೆ ಹೊರಟ ಹೆದ್ದಾರಿ 66ರಲ್ಲಿ ಎದುರಾಳಿ ಏರು ಅಲ್ಲ, ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟು. ಎಂಬತ್ತರಲ್ಲಿ 350 ಸುಖವಾಗಿಯೇ ಓಡುತ್ತದೆ. ನೂರು ದಾಟಿದ ಮೇಲೆ ಇಪ್ಪತ್ತು ಕುದುರೆಗೆ ಉಸಿರು ಕಟ್ಟುತ್ತದೆ. 650 ಆರನೇ ಗಿಯರಿನಲ್ಲಿ ಗೊಣಗದೆ ಸಾಗುತ್ತದೆ. ಸೋಲುವುದು ಸವಾರನ ಎದೆ ಮತ್ತು ಕುತ್ತಿಗೆ, ಯಾಕೆಂದರೆ ಈ ಜಾತಿಯ ಬೈಕಿನಲ್ಲಿ ಅವನೇ ಗಾಳಿಗೆ ಅಡ್ಡ ಹಿಡಿದ ಹಲಗೆ.

‘ದೊಡ್ಡದು’ ಎಂಬುದಕ್ಕೆ ಸರ್ಕಾರದ್ದೂ ಒಂದು ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು; ಅದನ್ನು ದಾಟಿದವಕ್ಕೆ ಸೆಸ್ ಸೇರಿ ಇದ್ದ ಶೇ 31, ಶೇ 40 ಆಯಿತು. ಹಾಗಾಗಿ 348 ಸಿಸಿಯ ಹೈನೆಸ್ ಗೆರೆಯ ಈಚೆಗೆ, 398 ಸಿಸಿಯ ಸ್ಪೀಡ್ ಆಚೆಗೆ. ಕಾರವಾರದಲ್ಲಿ ಕೆಎ 30ರ ಪಕ್ಕ ಗೋವಾ ನಂಬರಿನ ದೊಡ್ಡ ಬೈಕು ನಿಂತದ್ದು ಕಂಡಾಗ ರಸ್ತೆ ತೆರಿಗೆಯ ಮಾತು ಏಳುವುದೂ ಮಾಮೂಲು.

ಚೀಟಿಯಲ್ಲಿ ಯಾರೂ ದಪ್ಪ ಅಕ್ಷರದಲ್ಲಿ ಬರೆಯದ ಸಂಗತಿ ಟೈರಿನದು. ಇಂಟರ್‌ಸೆಪ್ಟರ್ ಮೊದಲು ಬಂದದ್ದು ಕಡ್ಡಿ ಚಕ್ರ, ಒಳಗೆ ಟ್ಯೂಬು. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರಿನ ಗಾಡಿ ಸಿಕ್ಕಿದ್ದು 2023ರಲ್ಲಿ. ಸೆಕೆಂಡ್ ಹ್ಯಾಂಡ್ ನೋಡುವವರು ಮೊದಲು ಬಗ್ಗಿ ಅದನ್ನೇ ನೋಡಬೇಕು. ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು ಬತ್ತಿ ತುರುಕಿ ಗಾಳಿ ಹೊಡೆದರೆ ಮುಗಿಯಿತು. ಟ್ಯೂಬಾದರೆ ಹಿಂದಿನ ಚಕ್ರ ಬಿಚ್ಚಬೇಕು, ಅದಕ್ಕೆ ಸರಿಯಾದ ಅಳತೆಯ ಪಾನಾ ಬೇಕು. ಘಟ್ಟದ ಬುಡದ ಪಂಕ್ಚರ್ ಅಂಗಡಿಯವನು ಅಷ್ಟು ಭಾರದ ಗಾಡಿಯನ್ನು ಒಮ್ಮೆ ಸುತ್ತ ನೋಡಿ, ‘ಕುಮಟಾಕ್ಕೇ ಟೆಂಪೋದಲ್ಲಿ ಹಾಕ್ಕೊಂಡು ಹೋಗಿ’ ಅಂದರೆ ಅವನನ್ನು ದೂರಿ ಪ್ರಯೋಜನವಿಲ್ಲ.