ಒಂದೇ ಹೆಣ್ಣು ಪಾಚಿ, ಐನೂರು ಕಿಲೋಮೀಟರ್ ದಂಡೆ

ಸ್ವೀಡನ್ನಿನ ಪೂರ್ವಕ್ಕೆ, ಬಾಲ್ಟಿಕ್ ಸಮುದ್ರದ ಉತ್ತರದ ತೋಳಾದ ಬೋತ್ನಿಯಾ ಕೊಲ್ಲಿಯ ಬಂಡೆಗಳ ಮೇಲೆ ಒತ್ತೊತ್ತಾಗಿ ಕವಲೊಡೆಯುವ ಗಿಡ್ಡ ಕಂದು ಕಡಲಪಾಚಿಯೊಂದು ಬೆಳೆಯುತ್ತದೆ. 2005ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ಸಾರಿ, ಫ್ಯೂಕಸ್ ರ‍್ಯಾಡಿಕಾನ್ಸ್ ಎಂದು ಹೆಸರಿಟ್ಟರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ನಾಮಕರಣವೇ ತಕರಾರಿಗೆ ಬಿತ್ತು. ಅಲ್ಲಿ ಹೊಸ ಪ್ರಭೇದವೆಂದು ಎಣಿಸಿದ್ದು ಹಳೆಯ ಫ್ಯೂಕಸ್ ವೆಸಿಕ್ಯುಲೋಸಸ್‌ನ ತದ್ರೂಪುಗಳನ್ನೇ (ಕ್ಲೋನ್) ಎಂದು ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಹೇಳಿದರು. ಒಂದೇ ಒಂದು ಹೆಣ್ಣು ಪಾಚಿಯ ತದ್ರೂಪುಗಳಂತೂ ಐನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿವೆ.

ವೆಸಿಕ್ಯುಲೋಸಸ್‌ಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಹೆಸರಿಟ್ಟಿದ್ದ. ತೊಗಲಿನಂಥ ಚಪ್ಪಟೆ ಪಟ್ಟಿ, ನಡುವೆ ದಿಂಡು, ಅದರ ಎರಡೂ ಮಗ್ಗುಲಿಗೆ ಜೋಡಿ ಜೋಡಿಯಾಗಿ ಗಾಳಿ ತುಂಬಿದ ಗುಳ್ಳೆ. ನೋಡಿದ ಕೂಡಲೇ ಗುರುತು ಸಿಗುತ್ತದೆ ಎನ್ನಿಸುವಂಥದ್ದು. ಆದರೆ ಕಣ್ಣನ್ನು ನಂಬಿ ಈ ಪಾಚಿಗಳ ವಿಷಯದಲ್ಲಿ ಮೋಸಹೋದವರು ಹಿಂದೆಯೂ ಇದ್ದರು. 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನಿ ರೆಯೊಮೂರ್, ಫ್ಯೂಕಸ್ ಮೇಲಿನ ರೋಮದ ಕುಚ್ಚುಗಳನ್ನು ಹೂವೆಂದೇ ಬಗೆದಿದ್ದ. ಈಜುವ ಗಂಡುಕಣಗಳು ಅಂಡವನ್ನು ಮುತ್ತಿ, ಅದನ್ನು ಗಿರಗಿರನೆ ತಿರುಗಿಸುವುದನ್ನು ಫ್ರಾನ್ಸಿನದೇ ಸಸ್ಯವಿಜ್ಞಾನಿ ಗುಸ್ತಾವ್ ಥ್ಯೂರೆ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ್ದು 1854ರಲ್ಲಿ. ಕಂದು ಪಾಚಿಗಳು ಹಸಿರು ಗಿಡಗಳ ಹತ್ತಿರದ ದಾಯಾದಿಗಳಲ್ಲ, ಡಯಾಟಂ ಎಂಬ ಒಂಟಿಕೋಶದ ಪಾಚಿಗಳಿಗೂ ಆಲೂಗಡ್ಡೆಯ ಅಂಗಮಾರಿ ರೋಗಾಣುವಿಗೂ ಬಳಗದವು ಎಂಬುದು ಇನ್ನೂ ತಡವಾಗಿ ಗೊತ್ತಾಯಿತು. ಕಾರವಾರದ ಬಂಡೆಗಳಲ್ಲಿ ಕಾಣುವ ಸರ್ಗ್ಯಾಸಮ್ ಎಂಬ ಕಂದು ಪಾಚಿ ಕೂಡ ಫ್ಯೂಕಸ್‌ನ ಗಣದ್ದೇ.

ಬಾಲ್ಟಿಕ್‌ನಲ್ಲಿ ಕಥೆ ಜಟಿಲವಾಗಲು ಉಪ್ಪು ಕಾರಣ. ಹಿಮಯುಗದ ನಂತರ ಒಂದು ಕಾಲಕ್ಕೆ ಅದು ಸಿಹಿನೀರಿನ ಸರೋವರವಾಗಿತ್ತು. ಸಾಗರದ ನೀರು ಒಳನುಗ್ಗಿದ್ದು ಸುಮಾರು 8000 ವರ್ಷಗಳ ಹಿಂದೆ. ಈಗಲೂ ತೆರೆದ ಸಾಗರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಬೋತ್ನಿಯಾದಲ್ಲಿ ಐದಾರು ಗ್ರಾಂ ಮಾತ್ರ. ವೆಸಿಕ್ಯುಲೋಸಸ್‌ನಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನ ಸಂಜೆ, ನೀರು ಶಾಂತವಾಗಿದ್ದಾಗ ಅವು ಅಂಡವನ್ನೂ ಗಂಡುಕಣಗಳನ್ನೂ ಕಡಲಿಗೆ ಬಿಡುತ್ತವೆ. ಒಂದು ಗಂಡುಕಣ ಹೊಕ್ಕ ಕ್ಷಣವೇ ಅಂಡ ಬಾಗಿಲು ಮುಚ್ಚಿಕೊಳ್ಳಬೇಕು. ಅದಕ್ಕೆ ನೀರಿನಲ್ಲಿರುವ ಸೋಡಿಯಂ ಬೇಕು. ಉಪ್ಪು ಸಾಲದಿದ್ದರೆ ಎರಡನೆಯದೂ ಮೂರನೆಯದೂ ಒಳನುಗ್ಗಿ ಭ್ರೂಣ ಕೆಡುತ್ತದೆ.

ಇಂಥಲ್ಲಿ ಪಾಚಿ ಹಿಡಿದ ದಾರಿ ಬೇರೆ. ಮೈಯಿಂದ ಪುಟ್ಟ ಕವಲುಗಳು ಕಳಚಿ ತೇಲುತ್ತವೆ, ಮತ್ತೊಂದು ಕಲ್ಲಿಗೆ ತಾಗಿ ಬೇರಿನಂಥ ಎಳೆಗಳನ್ನು ಇಳಿಸಿ ಕಚ್ಚಿಕೊಳ್ಳುತ್ತವೆ. ಗಂಡಿನ ಹಂಗಿಲ್ಲ.

2005ರ ತಂಡದ ವಾದ ಹುರುಳಿಲ್ಲದ್ದಾಗಿರಲಿಲ್ಲ. ಒಂದೇ ದಂಡೆಯಲ್ಲಿ ಅಕ್ಕಪಕ್ಕ ಬೆಳೆಯುವ ದೊಡ್ಡ ಪಾಚಿ ಮತ್ತು ಗಿಡ್ಡ ಪಾಚಿ ರೂಪದಲ್ಲೂ ಡಿಎನ್ಎಯಲ್ಲೂ ಬೇರೆಯಾಗಿ ಕಂಡಿದ್ದವು. ಇವೆರಡೂ ಕವಲೊಡೆದು ಸುಮಾರು 400 ವರ್ಷವಷ್ಟೇ ಆಗಿರಬಹುದೆಂದು 2009ರ ಅಂದಾಜು ಹೇಳಿತು. ವಿಕಾಸದ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯ ಮಾತು; ಸುದ್ದಿಯಾಗದೆ ಇದ್ದೀತೆ? 2011ರಲ್ಲಿ ಒಂದೇ ಹೆಣ್ಣಿನ ತದ್ರೂಪುಗಳು 550 ಕಿಲೋಮೀಟರ್ ಹರಡಿರುವುದು ತಿಳಿಯಿತು. ನನ್ನ ಮಟ್ಟಿಗೆ, ಅನುಮಾನ ಗಟ್ಟಿಯಾಗಬೇಕಾಗಿದ್ದದ್ದು ಅಲ್ಲಿಯೇ. ಬೆರಳೆಣಿಕೆಯ ಡಿಎನ್ಎ ಗುರುತುಗಳನ್ನಷ್ಟೇ ನೋಡಿದಾಗ, ಲಕ್ಷಾಂತರ ಪಾಲು ನಕಲಾದ ಒಂದೇ ಜೀವ ಪ್ರತ್ಯೇಕ ಪ್ರಭೇದದಂತೆ ತೋರುವುದು ಸಹಜ. ಜೀನೋಮಿನ, ಅಂದರೆ ಇಡೀ ಡಿಎನ್ಎಯ, ಉದ್ದಗಲಕ್ಕೂ ಓದುವ ತಂತ್ರ ಬಂದ ಮೇಲೆ ಗಿಡ್ಡ ಪಾಚಿ ವೆಸಿಕ್ಯುಲೋಸಸ್ ವಂಶದೊಳಗೇ ಹೋಗಿ ಕುಳಿತಿತು.

ಹೆಸರು ಏನಾದರೇನು ಎನ್ನುವಂತಿಲ್ಲ. ಮರವೂ ಹುಲ್ಲೂ ಇಲ್ಲದ ಆ ಬಂಡೆಗಳಲ್ಲಿ ಮೀನುಮರಿ, ಸೀಗಡಿ, ಬಸವನಹುಳುಗಳಿಗೆ ಈ ಪಾಚಿಯೇ ಮನೆ. ಆ ಮನೆ ಈಗಾಗಲೇ ಕುಗ್ಗಿದೆ. ಸ್ವೀಡನ್ನಿನ ದಂಡೆಯ ಓರೆಗ್ರುಂಡ್ ದ್ವೀಪಗಳ ಬಳಿ ಪಾಚಿತಜ್ಞ ಮ್ಯಾಟ್ಸ್ ವೇರ್ನ್ 1943-44ರಲ್ಲಿ ಅಳೆದಾಗ ವೆಸಿಕ್ಯುಲೋಸಸ್ 11.5 ಮೀಟರ್ ಆಳದವರೆಗೂ ಸಿಕ್ಕಿತ್ತು. 1984ರಲ್ಲಿ ಅದೇ ಜಾಗದಲ್ಲಿ 8.5 ಮೀಟರಿಗೇ ನಿಂತಿತ್ತು. ಪೋಷಕಾಂಶಗಳು ಹರಿದು ಸೇರಿ ನೀರು ಮಂಕಾಗಿ, ಬೆಳಕು ಕೆಳಗಿಳಿಯದಾದದ್ದು ಇದಕ್ಕೆ ಕಾರಣ. ಎರಡು ಪ್ರಭೇದಗಳಿವೆ ಎಂದು ನಂಬಿ ಕಾಯುವುದು ಬೇರೆ, ದಂಡೆಯುದ್ದಕ್ಕೂ ಇರುವುದು ಬಹುಪಾಲು ಒಂದೇ ಹೆಣ್ಣು ಎಂದು ತಿಳಿದು ಕಾಯುವುದು ಬೇರೆ. ನೀರು ಬಿಸಿಯಾದರೆ ಅಥವಾ ಇನ್ನಷ್ಟು ಸಪ್ಪೆಯಾದರೆ ತಾಳಿಕೊಳ್ಳುವ ಶಕ್ತಿ ಒಂದೇ ಹೆಣ್ಣಿನ ಎಲ್ಲ ತದ್ರೂಪುಗಳಿಗೂ ಹೆಚ್ಚುಕಡಿಮೆ ಒಂದೇ.

ಬಾಲ್ಟಿಕ್‌ನ ಆಚೆ ಎಸ್ಟೋನಿಯಾದ ದಂಡೆಯಲ್ಲಿ ಇದೇ ಗಿಡ್ಡ ರೂಪದ ಪಾಚಿಗಳಿವೆ. ಅಲ್ಲಿನ ನೀರೂ ಸಪ್ಪೆಯೇ. ಆದರೂ ಅಲ್ಲಿ ಗಂಡು ಹೆಣ್ಣು ಕೂಡಿಯೇ ಸಂತತಿ ಬೆಳೆಯುತ್ತದೆ, ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ತನ್ನದೇ ಆದ ಜೀನುಗಳ ಜೋಡಣೆಯಿದೆ. ಉಪ್ಪೊಂದೇ ಎಲ್ಲಕ್ಕೂ ಕಾರಣ ಎನ್ನುವ ವಿವರಣೆ ಅಲ್ಲಿಗೆ ಹೋದೊಡನೆ ಮುಗ್ಗರಿಸುತ್ತದೆ.