ಎಲಿಸ್ ಬರೆದದ್ದು ರೋಬೋ ಕಥೆಯಾ?

ಪ್ರಶ್ನೆ: ಮೊದಲ ರೋಬೋ ಕಾದಂಬರಿ ಬರೆದದ್ದು ಅಮೆರಿಕದ ಎಡ್ವರ್ಡ್ ಎಲಿಸ್ ಅಂತೆ, ನಿಜಾನಾ?

ಎಷ್ಟು ಸಲ ಉತ್ತರ ಕೊಟ್ಟರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಅದು ರೋಬೋ ಅಲ್ಲ.

1868ರ 'ದಿ ಸ್ಟೀಮ್ ಮ್ಯಾನ್ ಆಫ್ ದಿ ಪ್ರೇರೀಸ್' ತೆಗೆದು ನೋಡಿ. ಟೋಪಿಯೂ ಸೇರಿ ಹತ್ತು ಅಡಿಯ ಕಬ್ಬಿಣದ ಆಳು. ಮುಖಕ್ಕೆ ಕಪ್ಪು ಬಣ್ಣ. ಮೂಗಿನ ಜಾಗದಲ್ಲಿ ಸೀಟಿಯಂಥದ್ದು. ಎದೆಯೊಳಗೆ ಬಾಯ್ಲರ್, ಅದು ಬೆನ್ನಿನ ಚೀಲದವರೆಗೂ ಚಾಚಿಕೊಂಡಿದೆ. ಜಾರದಿರಲಿ ಅಂತ ಪಾದದ ತುಂಬ ಚೂಪಾದ ಮುಳ್ಳು. ಎರಡು ಕೈಗಳೂ ಗಾಡಿಯ ಮೂಕಿ ಹಿಡಿದಿವೆ. ಗಾಡಿಯಲ್ಲಿ ಕೂತ ಜಾನಿ ಎಂಬ ಹುಡುಗ ಉಗಿ ಬಿಟ್ಟರೆ ಓಡುತ್ತದೆ, ತಡೆದರೆ ನಿಲ್ಲುತ್ತದೆ. ಸೌದೆ, ನೀರು ಮುಗಿದರೆ ಎಲ್ಲರೂ ಇಳಿದು ಹುಡುಕಬೇಕು. ತಾನಾಗಿ ಒಂದು ಹೆಜ್ಜೆಯನ್ನೂ ಇಡದ ಇದು ಕುದುರೆಯ ಕೆಲಸ ಮಾಡುವ ರೈಲು ಎಂಜಿನ್, ಅಲ್ವಾ? 'ರೋಬೋ' ಎಂಬ ಪದವೇ ಬಂದದ್ದು 1920ರ ಕಾರೆಲ್ ಚಾಪೆಕ್ ನಾಟಕದಿಂದ.

ಇಂಥ ಯಂತ್ರ ಸುಮ್ನೆ ಕಲ್ಪನೆಯಲ್ಲಿ ಹುಟ್ಟಿದ್ದೂ ಅಲ್ಲ. ಅದೇ ವರ್ಷ ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಡೆಡೆರಿಕ್, ಗ್ರಾಸ್ ಎಂಬ ಇಬ್ಬರು ಗಾಡಿ ಎಳೆಯುವ ಉಗಿಮನುಷ್ಯನಿಗೆ ಪೇಟೆಂಟ್ ಪಡೆದಿದ್ದರು.

ಎಲಿಸ್ ಹೆಸರು ಮಾಡಿದ್ದು ಅದಕ್ಕೂ ಮೊದಲೇ. 1840ರಲ್ಲಿ ಓಹಾಯೋದಲ್ಲಿ ಹುಟ್ಟಿದ ಈ ಮೇಷ್ಟ್ರು 1860ರಲ್ಲಿ ಬರೆದ 'ಸೆತ್ ಜೋನ್ಸ್' ಹತ್ತು ಸೆಂಟಿನ ಪುಸ್ತಕವಾಗಿ ಬಂದು ಭರ್ಜರಿಯಾಗಿ ಮಾರಾಟವಾಯಿತು. ಗಡಿನಾಡಿನ ಸಾಹಸ ಕಥೆಗಳೇ ಅವರ ಕಸುಬು. ಉಗಿಮನುಷ್ಯನನ್ನೂ ಓಡಿಸಿದ್ದು ಅದೇ ಪಶ್ಚಿಮದ ಬಯಲಿನಲ್ಲಿ. ಅಲ್ಲಿನ ಮೂಲನಿವಾಸಿಗಳನ್ನು ಬರೀ ಶತ್ರುಗಳಾಗಿ ತೋರಿಸಿದ್ದು ಮಾತ್ರ ಇವತ್ತು ಓದುವಾಗಲೂ ನನಗೆ ಚುಚ್ಚುತ್ತದೆ. ಆಮೇಲೆ ಎಲಿಸ್ ಇತಿಹಾಸ ಪುಸ್ತಕಗಳನ್ನೂ ಬರೆದರು. 1916ರಲ್ಲಿ ತೀರಿಕೊಂಡರು.

ಯಾರೂ ಕೇಳದ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. 1880ರಲ್ಲಿ ಜೂಲ್ಸ್ ವರ್ನ್ ಬರೆದ ಕಾದಂಬರಿಯಲ್ಲಿ ಒಂದು ಉಗಿ ಆನೆ ಬರುತ್ತದೆ. ಅದು ಓಡಾಡುವುದು ನಮ್ಮ ದೇಶದಲ್ಲೇ. ಕಲ್ಕತ್ತೆಯಿಂದ ಹೊರಟು ಚಕ್ರದ ಮೇಲಿನ ಎರಡು ಮನೆಗಳನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೂ ಬುದ್ಧಿ ಇಲ್ಲ, ಅದನ್ನೂ ಮನುಷ್ಯರೇ ನಡೆಸಬೇಕು. ಕೊನೆಗೆ ಎಲಿಸ್‌ರ ಆಳಿಗೆ ಆದದ್ದೇ ಆ ಆನೆಗೂ ಆಗುತ್ತದೆ: ಬಾಯ್ಲರ್ ಸಿಡಿದು ಎರಡೂ ಚೂರುಚೂರಾಗುತ್ತವೆ.