ಹಣದುಬ್ಬರ ಒಂದೇ, ಮನೆಮನೆಗೆ ಬೀಳುವ ಪೆಟ್ಟು ಬೇರೆ

ಗ್ರಾಹಕ ಬೆಲೆ ಸೂಚ್ಯಂಕ ಅಂದರೆ ಮನೆಗಳು ಕೊಳ್ಳುವ ಸರಕು, ಸೇವೆಗಳ ಒಂದು ನಿಗದಿ ಬುಟ್ಟಿಯ ಬೆಲೆ ಎಷ್ಟು ಏರಿತು ಎಂದು ತೋರಿಸುವ ಅಂಕಿ. ಅದು ಏರುವ ದರವೇ ಹಣದುಬ್ಬರ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದು ತೂಕದ ಹತ್ತಿರ.

ತೂಕ ಅಂದರೆ ಒಟ್ಟು ಖರ್ಚಿನಲ್ಲಿ ಒಂದು ಬಾಬಿನ ಪಾಲು. 2012 ಆಧಾರ ವರ್ಷದ (ಆ ವರ್ಷದ ಬೆಲೆಯನ್ನು 100 ಎಂದು ಹಿಡಿದ) ಸರಣಿಯಲ್ಲಿ ಆಹಾರ ಮತ್ತು ಪಾನೀಯದ ತೂಕ ನೂರಕ್ಕೆ ಗ್ರಾಮೀಣಕ್ಕೆ 54.18, ನಗರಕ್ಕೆ 36.29, ಎರಡೂ ಸೇರಿ 45.86. ಈಗ ಆಹಾರ ಶೇ 10, ಉಳಿದದ್ದೆಲ್ಲ ಶೇ 2 ತುಟ್ಟಿಯಾಯಿತು ಎಂದುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿ ಶೇ 6 ಎಂದು ಬರೆದರೆ ಅಂಕ ಹೋಯಿತು. ಪ್ರತಿ ಏರಿಕೆಯನ್ನು ಅದರ ಪಾಲಿನಿಂದ ಗುಣಿಸಿ ಆಮೇಲೆ ಕೂಡಿಸಬೇಕು: 0.4586 × 10 + 0.5414 × 2 = 5.67.

ಇದನ್ನೇ ಹುಬ್ಬಳ್ಳಿಯ ಎರಡು ಮನೆಗೆ ಹಚ್ಚಿ ನೋಡಿ (ಅಂಕಿ ಲೆಕ್ಕಕ್ಕಾಗಿ ಹಿಡಿದದ್ದು, ಬಂದದ್ದೆಲ್ಲ ಖರ್ಚು ಎಂದಿಟ್ಟುಕೊಂಡು). ಗೋಕುಲ ರಸ್ತೆಯ ಕಾರ್ಖಾನೆಯ ಕೆಲಸಗಾರನ ಪಗಾರ 15,000. ಜೋಳ, ತೊಗರಿಬೇಳೆ, ಎಣ್ಣೆ, ಕಾಯಿಪಲ್ಯ, ಹಾಲಿಗೇ 9,000. ಪಾಲು 0.60. ಅವನ ಹಣದುಬ್ಬರ 6 + 0.8 = ಶೇ 6.8. ಇನ್ನೊಂದು ಮನೆಯ ಆದಾಯ 60,000, ಆಹಾರಕ್ಕೆ 18,000, ಪಾಲು 0.30, ಹಣದುಬ್ಬರ ಶೇ 4.4. ಸಂತೆ ಅದೇ, ದರ ಅದೇ. ಆದಾಯ ಹೆಚ್ಚಿದಂತೆ ಆಹಾರದ ಪಾಲು ಇಳಿಯುತ್ತದೆ ಎಂದು ಜರ್ಮನ್ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದ. ದೀರ್ಘ ಉತ್ತರದಲ್ಲಿ ಈ ಹೆಸರು ಸೇರಿಸಿ.

ನಿಜ ವೇತನ, ಅಂದರೆ ಪಗಾರದ ಕೊಳ್ಳುವ ಶಕ್ತಿ: ಕೆಲಸಗಾರನ ಪಗಾರ ಶೇ 6 ಏರಿ 15,900 ಆಯಿತು. 15,900 ÷ 106.8 × 100 = 14,888. ಕೈಗೆ 900 ಹೆಚ್ಚು ಬಂದರೂ ಕೊಳ್ಳುವ ಶಕ್ತಿಯಲ್ಲಿ 112 ಕಡಿಮೆ. ಬಾಡಿಗೆ, ಶಾಲೆ ಫೀ ಕಡಿತವಾಗುವಂಥವಲ್ಲ, ಹಾಗಾಗಿ ಕತ್ತರಿ ಬೀಳುವುದು ಹಾಲಿಗೆ, ಬೇಳೆಗೆ. ಸಾರು ತೆಳ್ಳಗಾದದ್ದು ಸೂಚ್ಯಂಕದಲ್ಲಿ ಕಾಣುವುದಿಲ್ಲ. ಅದು ಅಳೆಯುವುದು ನಿಗದಿ ಬುಟ್ಟಿಯ ಬೆಲೆಯನ್ನು, ಆ ಬುಟ್ಟಿ ಯಾರ ಕೈ ತಪ್ಪಿತು ಎಂಬುದನ್ನಲ್ಲ.

ಹಣದುಬ್ಬರದ ದರ ಇಳಿಯಿತು, ಬೆಲೆ ಇಳಿಯಲಿಲ್ಲ: ಮೂರು ವರ್ಷದ ಸೂಚ್ಯಂಕ 100, 108, 110 ಎಂದುಕೊಳ್ಳಿ. ಹಣದುಬ್ಬರ ಶೇ 8ರಿಂದ 1.85ಕ್ಕೆ ಇಳಿದಿದೆ, ಕಿರಾಣಿ ಬಿಲ್ ಮಾತ್ರ ಇನ್ನೂ ಏರಿದೆ. ಇಷ್ಟೇ.

ಮನೆಯ ಬಜೆಟ್ ಪ್ರಾಜೆಕ್ಟ್ ಮಾಡುವವರಿಗೆ: ಬೇಸಿಗೆಯಲ್ಲಿ ಒಮ್ಮೆಲೇ ತರುವ ಬ್ಯಾಡಗಿ ಮೆಣಸಿನಕಾಯಿ, ವರ್ಷದ ಜೋಳ, ಇವನ್ನು ತಂದ ತಿಂಗಳಿಗೇ ಬರೆದರೆ ಆ ತಿಂಗಳ ಆಹಾರದ ಪಾಲು ಸುಮ್ಮನೆ ಉಬ್ಬುತ್ತದೆ. ಮೊತ್ತವನ್ನು 12ರಿಂದ ಭಾಗಿಸಿ, ಕುಟ್ಟಿಸಿದ ಕೂಲಿಯನ್ನೂ ಸೇರಿಸಿ, ಪ್ರತಿ ತಿಂಗಳಿಗೂ ಹಂಚಿ. ಪಾಲು ತೆಗೆಯುವುದು ಅದರ ನಂತರ.